ಏಳು ವರ್ಷ ಓಡಿಸಿದ ಕಾರು ಮತ್ತು ಅದನ್ನು ತಯಾರಿಸಿದ ಕಂಪನಿ

ಈ ಹ್ಯಾಚ್‌ಬ್ಯಾಕ್ ನನ್ನ ಕೈಗೆ ಬಂದು ಏಳು ವರ್ಷವಾಯಿತು. ಕಳೆದ ವಾರ 96,000 ಕಿಲೋಮೀಟರ್ ದಾಟಿತು. ನನ್ನ ದೂರು ಇನ್ನೂ ಇತ್ಯರ್ಥವಾಗಿಲ್ಲದ ಕಾರಣ ಕಂಪನಿಯ ಹೆಸರು ಬರೆಯುವುದಿಲ್ಲ. ಕಾರಿನ ಬಗ್ಗೆ ಹೇಳುವುದು ಬೇಕಾದಷ್ಟಿದೆ.

ಮೊದಲು ಎಂಜಿನ್. ನಾಲ್ಕು ಸಿಲಿಂಡರಿನ ಪೆಟ್ರೋಲ್, ಟರ್ಬೊ ಇಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದರೆ ಅಷ್ಟೇ ಎಳೆತ, ಅದೂ ಆ ಕ್ಷಣವೇ. ತಿರುವಿನ ನಡುವೆ ಮೂರನೇ ಗೇರಿನಲ್ಲಿ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಮೂತಿ ತಾನಾಗಿ ಒಳಕ್ಕೆ ವಾಲುತ್ತದೆ. ಈ ಸಸ್ಪೆನ್ಷನ್ ಹದಗೊಳಿಸಿದವರಿಗೆ ಓಡಿಸುವ ಆಸೆ ಇತ್ತು ಎಂಬುದು ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ. ಗೇರ್ ಬೀಳುವಾಗಿನ ಆ ಸಣ್ಣ ಟಕ್ ಸದ್ದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಏಸಿಗೆ ತಿರುಗಿಸುವ ಗುಂಡಿಗಳಿವೆ. ಕಣ್ಣು ರಸ್ತೆಯಿಂದ ಕೀಳದೆ ಬೆರಳೇ ಹುಡುಕಿಕೊಳ್ಳುತ್ತದೆ. ಎಲ್ಲವನ್ನೂ ಟಚ್‌ಸ್ಕ್ರೀನಿಗೆ ತುಂಬುವ ಚಾಳಿಯನ್ನು ನಾನು ಮೊದಲಿನಿಂದಲೂ ವಿರೋಧಿಸಿದವನು. ಇಂಡಿಕೇಟರ್, ಹಾರ್ನ್, ವೈಪರಿನಂಥವಕ್ಕೆ ಪ್ರತ್ಯೇಕ ಗುಂಡಿ ಅಥವಾ ಲಿವರ್ ಇರಬೇಕೆಂದು, ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರ ನಿಯಮಗಳಲ್ಲಿ ಸೇರಿಸಿದ್ದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಹಿಂದಿನ ಸೀಟು ಇಕ್ಕಟ್ಟು, ಡಿಕ್ಕಿ ಸಾಧಾರಣ.

ಐದನೇ ವರ್ಷ, ಜೋರು ಮಳೆಯಲ್ಲಿ ಬಲ ತಿರುವೊಂದರ ನಡುವೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ವಿದ್ಯುತ್ ಸ್ಟೀರಿಂಗಿನ ಮೋಟಾರು ನಿಂತರೂ ಚಕ್ರದ ಜೊತೆಗಿನ ಕೊಂಡಿ ಕಳಚುವುದಿಲ್ಲ, ತೋಳಿನ ಬಲದಿಂದ ತಿರುಗಿಸಬಹುದು. ಅದು ಗೊತ್ತಿದ್ದುದರಿಂದ ಎರಡೂ ಕೈ ಹಾಕಿ ಎಳೆದೆ, ಉಳಿದುಕೊಂಡೆ. ಗೊತ್ತಿಲ್ಲದವರು ಬಿಗಿಯಾದೊಡನೆ ಕೈ ಬಿಟ್ಟುಬಿಟ್ಟರೆ? ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಎಲ್ಲ ಸರಿಯಾಗಿತ್ತು. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಜೋಡಿಸಿ ನೋಡಿ, ದೋಷ ಏನೂ ದಾಖಲಾಗಿಲ್ಲ, ಬೇರೆ ಯಾವ ಕಾರಿನಿಂದಲೂ ಇಂಥ ದೂರು ಬಂದಿಲ್ಲ ಎಂದರು. ಮೂರನೇ ಸಲ ಹಾಗೆಯೇ ಆದಾಗ, ವಾರಂಟಿ ಮುಗಿದಿದೆ, ಸ್ಟೀರಿಂಗ್ ಕಾಲಮ್ಮನ್ನೇ, ಅಂದರೆ ಸ್ಟೀರಿಂಗಿನ ಕಂಬವನ್ನು ಮೋಟಾರಿನ ಸಮೇತ, ನಿಮ್ಮ ಖರ್ಚಿನಲ್ಲಿ ಬದಲಾಯಿಸಬೇಕು ಎಂದರು.

ನಾನು ನಂಬುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಕಾಲಮ್ಮಿಗೆ ಕೈ ಹಾಕುವ ಮೊದಲು ಅದರ ವೈರಿಂಗ್ ಕನೆಕ್ಟರ್ ಬಿಚ್ಚಿದರು. ತಾಮ್ರದ ಪಿನ್ನುಗಳ ಮೇಲೆಲ್ಲ ಹಸಿರು ಕಿಲುಬು. ನೀರು ಒಳಗೆ ಹೋಗುತ್ತಿತ್ತು. ಹೊಸ ಕನೆಕ್ಟರ್ ತರಿಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಿದೆವು. ಎರಡರ ಮೇಲೂ ಒಂದೇ ಬಿಡಿಭಾಗ ಸಂಖ್ಯೆ. ಆದರೆ ಹಳೆಯದರ ರಬ್ಬರ್ ಸೀಲಿಗೆ ಒಂದೇ ಅಂಚು, ಹೊಸದಕ್ಕೆ ಎರಡು.

ಆ ಎರಡನೇ ಅಂಚನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸೀಲಿನೊಳಗೆ ನೀರು ಹೋಗುತ್ತದೆಂದು ಕಂಪನಿಯಲ್ಲಿ ಯಾರಿಗೋ ತಿಳಿದಿತ್ತು. ನಕ್ಷೆ ತಿದ್ದಿದರು, ಯಾರೋ ಸಹಿ ಹಾಕಿದರು, ಹೊಸ ಅಚ್ಚು ಮಾಡಿಸಿದರು. ಹಳೆಯ ಸೀಲಿನೊಂದಿಗೆ ಮಳೆಯಲ್ಲಿ ಓಡಾಡುತ್ತಿರುವವರಿಗೆ ಒಂದು ಸಾಲಿನ ಪತ್ರ ಬರೆಯಲಿಲ್ಲ.

ಇಂಥದ್ದೇ ಕಥೆಯೊಂದನ್ನು ನಾನು ಮೊದಲೇ ಓದಿದ್ದೆ. ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗಾಗಿ ವಾಪಸು ಕರೆಸಿತು. ಇಗ್ನಿಷನ್ ಸ್ವಿಚ್ ಸಡಿಲವಾಗಿದ್ದು, ಓಡುತ್ತಿರುವಾಗಲೇ ಕೀಲಿ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯೇ ಸ್ಥಾಪಿಸಿದ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. ಆ ಸ್ವಿಚ್ಚನ್ನು 2006ರಲ್ಲೇ ತಿದ್ದಿಯಾಗಿತ್ತು, ಸಂಖ್ಯೆಯನ್ನು ಮಾತ್ರ ಬದಲಾಯಿಸಿರಲಿಲ್ಲ. ಹಾಗಾಗಿ ಹಳೆಯ ಕಾರು ಏಕೆ ಕೆಡುತ್ತದೆ, ಹೊಸದು ಏಕೆ ಕೆಡುವುದಿಲ್ಲ ಎಂದು ಹುಡುಕಿದವರಿಗೆ ವರ್ಷಗಟ್ಟಲೆ ದಾರಿ ತಪ್ಪಿತು. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ತೆರಲು ಒಪ್ಪಿತು. ಜೈಲಿಗೆ ಯಾರೂ ಹೋಗಲಿಲ್ಲ.

ಕಾರು ಪ್ರಿಯರಲ್ಲಿ ಹಲವರು, ಸರ್ಕಾರ ಈ ವಿಷಯದಿಂದ ದೂರವಿರಲಿ, ಕೆಟ್ಟ ಕಾರನ್ನು ಜನರೇ ಕೊಳ್ಳುವುದಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೀಲಿನ ಅಂಚನ್ನು ಕೊಳ್ಳುವವನು ನೋಡುವುದು ಹೇಗೆ? ಫೋಕ್ಸ್‌ವ್ಯಾಗನ್‌ನ ಡೀಸೆಲ್ ಮೋಸವನ್ನೇ ನೋಡಿ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಶುದ್ಧವಾಗಿ ತೋರಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಮಾಲೀಕರಲ್ಲಿ ಯಾರಿಗೂ ಸುಳಿವಿರಲಿಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳತೆಯ ಉಪಕರಣವನ್ನು ಕಾರಿಗೇ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿದ್ದರಿಂದ ಅನುಮಾನ ಹುಟ್ಟಿತು. 2016ರ ಮಾದರಿಗೆ ಅನುಮತಿ ಕೊಡುವುದಿಲ್ಲ ಎಂದು ಅಮೆರಿಕದ ಸರ್ಕಾರಿ ನಿಯಂತ್ರಕರು ಪಟ್ಟು ಹಿಡಿದ ಮೇಲೆ 2015ರಲ್ಲಿ ಕಂಪನಿ ಬಾಯಿಬಿಟ್ಟಿತು. ಆ ಅನುಮತಿಯ ಅಧಿಕಾರ ಸರ್ಕಾರದ ಕೈಯಲ್ಲಿ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಸರ್ಕಾರಗಳ ಮೇಲೆಯೂ ನನಗೆ ಕುರುಡು ನಂಬಿಕೆಯಿಲ್ಲ. 2013ರಲ್ಲಿ ಐರೋಪ್ಯ ಒಕ್ಕೂಟ ಕಾರುಗಳು ಉಗುಳುವ ಇಂಗಾಲದ ಡೈಆಕ್ಸೈಡಿಗೆ ಬಿಗಿ ಮಿತಿ ಹಾಕಲು ಹೊರಟಾಗ, ತನ್ನ ದೊಡ್ಡ ಕಾರು ಕಂಪನಿಗಳ ಪರವಾಗಿ ಅಡ್ಡ ನಿಂತದ್ದು ಜರ್ಮನಿಯ ಸರ್ಕಾರವೇ. ಕಂಪನಿಗಳೆಲ್ಲ ಒಂದೇ ಎಂದೂ ಹೇಳಲಾರೆ. ನಾವು ಇವತ್ತು ಕಟ್ಟಿಕೊಳ್ಳುವ ಮೂರು ಬಿಂದುವಿನ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ತನ್ನ ಕಾರುಗಳಿಗೆ ಹಾಕಿತು. ವಿನ್ಯಾಸಕಾರ ನಿಲ್ಸ್ ಬೋಲಿನ್. ಪೇಟೆಂಟ್ ಹಿಡಿದಿಟ್ಟುಕೊಳ್ಳದೆ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟರು. ಎಂಜಿನಿಯರಿಂಗ್ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಆ ಬೆಲ್ಟು.

ಹಾಗಾದರೆ ಈ ಕಾರನ್ನು ಕೊಳ್ಳಬಹುದೇ? ಓಡಿಸುವ ಸುಖಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಂಪನಿಗೆ ಒಂದು, ಅದೂ ಹೊಸ ಕನೆಕ್ಟರ್ ನಾಲ್ಕೇ ದಿನದಲ್ಲಿ ಸಿಕ್ಕಿತೆಂಬ ಕಾರಣಕ್ಕೆ. ಯಾವುದೇ ಕಾರಿರಲಿ, ಮಳೆಯಲ್ಲಿ ಸ್ಟೀರಿಂಗ್ ಬಿಗಿಯಾದರೆ ಕಾಲಮ್ ಬದಲಿಸಲು ಒಪ್ಪುವ ಮೊದಲು ಕನೆಕ್ಟರ್ ಬಿಚ್ಚಿಸಿ ನೋಡಿ. ಆದದ್ದನ್ನು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಬದಲಿಸಿದ ಭಾಗವನ್ನು ಕೇಳಿ ಪಡೆಯಿರಿ. ವಾಹನ ಸುರಕ್ಷತೆಯ ಸರ್ಕಾರಿ ವಿಭಾಗಕ್ಕೆ ದೂರು ಕೊಡಿ. ದೂರುಗಳು ಒಂದೇ ಕಡೆ ಸೇರದ ಹೊರತು ಯಾರೂ ಕಾರುಗಳನ್ನು ವಾಪಸು ಕರೆಸುವುದಿಲ್ಲ.

ಕಂಪನಿಗೆ ಮೂರು ಪತ್ರ ಬರೆದಿದ್ದೇನೆ. ಮೂರಕ್ಕೂ ಒಂದೇ ಒಕ್ಕಣೆಯ ಉತ್ತರ ಬಂದಿದೆ, ಸೀಲಿನ ಬಗ್ಗೆ ಅದರಲ್ಲಿ ಒಂದು ಪದವೂ ಇಲ್ಲ. ನಾಲ್ಕನೆಯದನ್ನು ಮೊನ್ನೆ ಕಳುಹಿಸಿದೆ, ಎರಡೂ ಸೀಲುಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಚಿತ್ರದ ಜೊತೆಗೆ.