ರೆಡಿಂಗ್‌ನಲ್ಲಿ ಮನೆ ಕೊಂಡಾಗ: ಆನ್‌ಲೈನ್ ಸಂಸ್ಥೆಯೋ, ಊರಿನ ಸಾಲಿಸಿಟರೋ?

2023ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಳ್ಳಲು ಹೊರಟಾಗ ಎರಡು ಬಗೆಯ ವಕೀಲರಿಂದ ಕೆಲಸ ಮಾಡಿಸಿದೆ. ಮೊದಲು ಎಸ್ಟೇಟ್ ಏಜೆಂಟ್ ಸೂಚಿಸಿದ ಆನ್‌ಲೈನ್ ಸಂಸ್ಥೆ. ಆ ಖರೀದಿ ಮುರಿದುಬಿತ್ತು. ಆಮೇಲೆ ಪೇಟೆಬೀದಿಯಲ್ಲಿ ಕಚೇರಿ ಇರುವ ಒಬ್ಬ ಸಾಲಿಸಿಟರ್. ಈಗ ನಾವಿರುವ ಫ್ಲ್ಯಾಟಿನ ಬೀಗದ ಕೈ ಬಂದದ್ದು ಅವರಿಂದ.

ನಮ್ಮಲ್ಲಿ ಕ್ರಯಪತ್ರಕ್ಕೆ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಹೆಬ್ಬೆರಳು ಒತ್ತುವುದು ರೂಢಿ. ಇಲ್ಲಿ ಮಾರುವವರ ಮುಖ ನೋಡದೆಯೇ ಮನೆ ಕೊಳ್ಳಬಹುದು. ಹಣ ಸಾಗುವುದು ವಕೀಲರ ಖಾತೆಯ ಮೂಲಕ, ಭೂ ನೋಂದಣಿಗೆ ಅರ್ಜಿ ಹಾಕುವುದೂ ಅವರೇ. ಅವರು ಗಮನಿಸದ ದೋಷವನ್ನು ಬೇರೆ ಯಾರೂ ಬಂದು ತೋರಿಸುವುದಿಲ್ಲ.

ಆನ್‌ಲೈನ್ ಸಂಸ್ಥೆಯ ಶುಲ್ಕ 950 ಪೌಂಡ್, ಸಾಲಿಸಿಟರದು 1,600. ಎರಡಕ್ಕೂ ಶೇ. 20 ವ್ಯಾಟ್ ಬೇರೆ; ಸ್ಥಳೀಯ ಆಡಳಿತ, ನೀರು ಮತ್ತು ಚರಂಡಿ, ಪರಿಸರ ಕುರಿತ ಶೋಧ ವರದಿಗಳ ಖರ್ಚೂ ಬೇರೆ. 'ಖರೀದಿ ಮುರಿದರೆ ಶುಲ್ಕವಿಲ್ಲ' ಎಂದು ಸಂಸ್ಥೆ ಹೇಳಿತ್ತು. ಶೋಧ ವರದಿಗಳಿಗೆ ಕೊಟ್ಟ ಹಣ ಮಾತ್ರ ಹಿಂದಿರುಗಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಅವರ ಆ್ಯಪ್‌ನಲ್ಲಿ ನಡುರಾತ್ರಿಯಲ್ಲೂ ನೋಡಬಹುದಿತ್ತು. ಸಾಲಿಸಿಟರ್ ಕಚೇರಿ ಸಂಜೆ ಐದಕ್ಕೆ ಮುಚ್ಚಿದರೆ ಮುಗಿಯಿತು.

ದೊಡ್ಡ ವ್ಯತ್ಯಾಸ ಕಂಡದ್ದು ಪ್ರಶ್ನೆಗಳಲ್ಲಿ. ಸಂಸ್ಥೆಯ ಅರ್ಜಿಯಲ್ಲಿ 'ಮೊದಲ ಬಾರಿ ಕೊಳ್ಳುತ್ತಿದ್ದೀರಾ?' ಎಂಬ ಚೌಕವಿತ್ತು. ಬ್ರಿಟನ್ನಿನಲ್ಲಿ ಇದು ನನ್ನ ಮೊದಲ ಮನೆ, ಹೌದು ಎಂದು ಗುರುತು ಹಾಕಿದೆ. ಸ್ಟ್ಯಾಂಪ್ ಡ್ಯೂಟಿ ಸೊನ್ನೆ ಎಂಬ ಲೆಕ್ಕ ಬಂತು, ಮತ್ತೆ ಯಾರೂ ಕೇಳಲಿಲ್ಲ. ಸಾಲಿಸಿಟರ್ ಮೊದಲ ದಿನವೇ ಕೇಳಿದರು: "ಪ್ರಪಂಚದಲ್ಲಿ ಎಲ್ಲಿಯಾದರೂ ನಿಮ್ಮ ಹೆಸರಿನಲ್ಲಿ ಮನೆ ಇದೆಯೇ?" ಮೈಸೂರಿನ ಕುವೆಂಪುನಗರದಲ್ಲಿ ಇದೆ. ಅದೂ ಲೆಕ್ಕಕ್ಕೆ ಬರುತ್ತದೆ; ಹಾಗಾಗಿ ಮೊದಲ ಮನೆಯ ವಿನಾಯಿತಿ ಸಿಗುವುದಿಲ್ಲ, ಎರಡನೆಯ ಮನೆಗೆ ಹಾಕುವ ಹೆಚ್ಚುವರಿ ತೆರಿಗೆಯೂ ಸೇರುತ್ತದೆ. 3,10,000 ಪೌಂಡ್ ಬೆಲೆಗೆ ಆಗಿನ ದರದಲ್ಲಿ ನಾನು ಕಟ್ಟಬೇಕಾದದ್ದು 12,300 ಪೌಂಡ್. ಆ ಹೊತ್ತಿಗೆ ಎದೆ ಧಸಕ್ಕೆಂದಿತು. ಆದರೆ ತಪ್ಪು ಲೆಕ್ಕ ಸಲ್ಲಿಸಿದ್ದರೆ ಮುಂದೆ ಬಡ್ಡಿ, ದಂಡ ಎರಡೂ ಬರಬಹುದಿತ್ತು. ಆಗ ಶೇ. 3 ಇದ್ದ ಈ ಹೆಚ್ಚುವರಿ ತೆರಿಗೆ 2024ರ ಅಕ್ಟೋಬರ್ 31ರಿಂದ ಶೇ. 5 ಆಗಿದೆ. ಊರಿನಲ್ಲಿ ಮನೆ ಇಟ್ಟುಕೊಂಡಿರುವ ಕನ್ನಡಿಗರು ಇದನ್ನು ಮೊದಲೇ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇಂಗ್ಲೆಂಡಿನ ಫ್ಲ್ಯಾಟುಗಳು ಬಹುಪಾಲು ಲೀಸ್‌ಹೋಲ್ಡ್. ನಮಗೆ ಸಿಗುವುದು ಇಂತಿಷ್ಟು ವರ್ಷಗಳ ಹಕ್ಕು. ಅದು 80 ವರ್ಷಕ್ಕಿಂತ ಇಳಿದರೆ ವಿಸ್ತರಿಸಿಕೊಳ್ಳುವ ಖರ್ಚು ಏರುತ್ತದೆ. ಮೊದಲ ಫ್ಲ್ಯಾಟಿನಲ್ಲಿ ಉಳಿದಿದ್ದದ್ದು 74 ವರ್ಷ. ಆ ಸಂಗತಿ ನನಗೆ ತಿಳಿದದ್ದು ಒಂಬತ್ತನೆಯ ವಾರದಲ್ಲಿ. ಅಷ್ಟರೊಳಗೆ ನನ್ನ ಕಡತ ಮೂವರ ಕೈ ದಾಟಿತ್ತು. ಒಪ್ಪಂದ ವಿನಿಮಯವಾಗಿ ಶೇ. 10 ಮುಂಗಡ ಕಟ್ಟುವ ಮೊದಲೇ ತಿಳಿಯಿತಲ್ಲ, ಅಷ್ಟೇ ಸಮಾಧಾನ. ಆಮೇಲೆ ಹಿಂದೆ ಸರಿದಿದ್ದರೆ ಮುಂಗಡವೂ ಹೋಗುತ್ತಿತ್ತು. ಸಾಲಿಸಿಟರ್ ಅವಧಿಯನ್ನು ಮೊದಲ ಫೋನಿನಲ್ಲೇ ಕೇಳಿ ತಿಳಿದುಕೊಂಡರು. ನಿರ್ವಹಣಾ ಶುಲ್ಕ ಎಷ್ಟು, ದೊಡ್ಡ ದುರಸ್ತಿಯ ನೋಟಿಸ್ ಬಂದಿದೆಯೇ, ಹೊರಗೋಡೆಯ ಹೊದಿಕೆ ಬೆಂಕಿಗೆ ಸುರಕ್ಷಿತವೇ ಎಂದೂ ಮಾರುವವರನ್ನು ಬಿಡದೆ ಕೇಳಿದರು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ವಸತಿ ಗೋಪುರಕ್ಕೆ ಬೆಂಕಿ ಬಿದ್ದು, ಹೊರಗೋಡೆಯ ಹೊದಿಕೆಯ ಮೂಲಕ ಹರಡಿದ ದುರಂತದ ನಂತರ ಆ ಕೊನೆಯ ಪ್ರಶ್ನೆಯನ್ನು ಬಿಡುವಂತಿಲ್ಲ.

ಅಪ್ಪ ನಿವೇಶನ ಮಾರಿ ಕಳುಹಿಸಿದ ಹಣದ ಮೂಲವನ್ನು ಇಬ್ಬರೂ ಕೇಳಿದರು, ಕಾನೂನೇ ಹಾಗೆ. ಸಂಸ್ಥೆ ಒಂದೇ ಬ್ಯಾಂಕ್ ವಿವರವನ್ನು ಮೂರು ಸಲ ತರಿಸಿಕೊಂಡಿತು. ಸಾಲಿಸಿಟರ್ ಒಂದೇ ಪತ್ರದಲ್ಲಿ ಎಲ್ಲವನ್ನೂ ಬರೆದು ತಿಳಿಸಿದರು: ಉಡುಗೊರೆ ಪತ್ರ, ಅಪ್ಪನ ಖಾತೆಯ ವಿವರ, ಕನ್ನಡದ ಕ್ರಯಪತ್ರಕ್ಕೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ.

ಅಕ್ಕನ ಮಗ ಈಗ ಮ್ಯಾಂಚೆಸ್ಟರ್‌ನಲ್ಲಿ ಮನೆ ಹುಡುಕುತ್ತಿದ್ದಾನೆ. ಅವನು ನೋಡಿರುವುದು ಫ್ರೀಹೋಲ್ಡ್ ಮನೆ, ಅಂದರೆ ಅವಧಿಯ ಮಿತಿಯಿಲ್ಲದೆ ಜಾಗದ ಸಮೇತ ಸ್ವಂತವಾಗುವಂಥದ್ದು; ಭಾರತದಲ್ಲಿ ಅವನ ಹೆಸರಿಗೆ ಏನೂ ಇಲ್ಲ, ದುಡ್ಡು ಅವನದೇ ಸಂಬಳದ್ದು. ಅವನಿಗೆ ಆನ್‌ಲೈನ್ ಸಂಸ್ಥೆಯೇ ಸಾಕು ಎಂದಿದ್ದೇನೆ. ಕಡತ ನೋಡುವವರ ಹೆಸರು, ನೇರ ಫೋನ್ ಸಂಖ್ಯೆ ಕೊಟ್ಟ ಮೇಲೆಯೇ ಸಹಿ ಹಾಕು ಎಂದೂ ಹೇಳಿದ್ದೇನೆ.