ಐದು ಭಾಷೆ ಕಲಿತೆ, ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆಗೂ ನಿಲ್ಲಲಿಲ್ಲ

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜಾವಾನಾ, ಪೈಥಾನಾ, ಇಲ್ಲ ಗೋ ಕಲಿಯೋದಾ ಅಂತ ತಲೆ ಕೆಡಿಸಿಕೊಂಡಿರುವವರು ಇದನ್ನು ಓದಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎರಡೂವರೆ ವರ್ಷ ಹಾಳು ಮಾಡಿಕೊಂಡಿದ್ದೇನೆ.

ಮೊದಲು ಹಿಡಿದದ್ದು ಜಾವಾ. ಲೂಪು, ಕ್ಲಾಸು, ಇಂಟರ್‌ಫೇಸು ಎಲ್ಲಾ ಚೆನ್ನಾಗೇ ಹೋಯಿತು. ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಹಲವು ಕೆಲಸ ನಡೆಸೋದು) ಅಧ್ಯಾಯ ಬಂತು ನೋಡಿ, ಅಲ್ಲಿಗೆ ಗಾಡಿ ನಿಂತಿತು. ಅದೇ ವಾರ ಗೆಳೆಯನೊಬ್ಬ "ಜಾವಾ 1995ರದ್ದು ಕಣೋ, ಹಳೇ ಕಾಲದ್ದು. ಈಗೇನಿದ್ರೂ ಪೈಥಾನ್" ಅಂದ. ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾಗಿಂತ ನಾಲ್ಕು ವರ್ಷ ಮೊದಲು! ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಬೇಕಿದ್ದದ್ದು ಥ್ರೆಡ್‌ನಿಂದ ತಪ್ಪಿಸಿಕೊಳ್ಳೋಕೆ ಒಂದು ನೆಪ, ಅಷ್ಟೇ. ಸಿಕ್ಕಿತು.

ಪೈಥಾನ್‌ಗೆ ದುಡ್ಡು ಕಟ್ಟಿ ಕೋರ್ಸ್ ತಗೊಂಡೆ. ಜಾಹೀರಾತಿನಲ್ಲಿ 'ಕೆಲಸ ಗ್ಯಾರಂಟಿ' ಅಂತ ದಪ್ಪಕ್ಷರದಲ್ಲಿತ್ತು. ಮೊದಲ ಪಾಠದಲ್ಲೇ ಎಡವಟ್ಟು. ವಿಡಿಯೊದಲ್ಲಿ ಮೇಷ್ಟ್ರು ಪ್ರಿಂಟ್ ಅಂತ ಬರೆದು, ಬ್ರಾಕೆಟ್ ಹಾಕದೆ ಓಡಿಸುತ್ತಾರೆ. ಅವರಿಗೆ ಓಡುತ್ತೆ. ನಾನು ಅದನ್ನೇ ಬರೆದರೆ ಸಿಂಟ್ಯಾಕ್ಸ್ ಎರರ್. 7ನ್ನು 2ರಿಂದ ಭಾಗಿಸಿದರೆ ಅವರಿಗೆ 3, ನನಗೆ 3.5. ಎರಡು ವಾರ ನನ್ನ ಲ್ಯಾಪ್‌ಟಾಪೇ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಪೈಥಾನ್ 2ರ ಕೋರ್ಸು. ಪೈಥಾನ್ 3 ಬಂದದ್ದು 2008ರಲ್ಲಿ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತುಹೋಯಿತು. ನಾನು ದುಡ್ಡು ಕಟ್ಟಿದ್ದು ಅದೂ ಆದ ಮೇಲೆ. ವಾಪಸ್ ಕೇಳಿದರೆ "ಏಳು ದಿನದೊಳಗೆ ಕೇಳಬೇಕಿತ್ತು ಸರ್" ಅಂದರು. ದುಡ್ಡು ಕಟ್ಟುವ ಮುಂಚೆ ಯಾವ ಆವೃತ್ತಿ, ಪಾಠ ಯಾವಾಗ ರೆಕಾರ್ಡ್ ಮಾಡಿದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ಬೇಡವೇ ಬೇಡ.

ಹೊಸ ಪಾಠ ಹುಡುಕಿಕೊಂಡು, ಫಂಕ್ಷನ್‌ಗೆ ಹೆಚ್ಚುವರಿ ಕೆಲಸ ಸುತ್ತಿಕೊಡುವ ಡೆಕರೇಟರ್‌ವರೆಗೆ ತೆವಳಿದೆ. ಅಲ್ಲಿ ಮತ್ತೆ ನಿಂತೆ. ಆಗ ಕಣ್ಣಿಗೆ ಬಿದ್ದದ್ದು ರಸ್ಟ್. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ನಡೆಸುವ ಸಮೀಕ್ಷೆಯಲ್ಲಿ 2016ರಿಂದ ವರ್ಷಗಟ್ಟಲೆ ಡೆವಲಪರ್‌ಗಳು ಅತಿ ಹೆಚ್ಚು ಮೆಚ್ಚಿದ ಭಾಷೆ ಅದೇ. 'ಮೆಚ್ಚಿದ' ಅನ್ನೋದನ್ನು ನಾನು 'ಕೆಲಸ ಸಿಗುವ' ಅಂತ ಓದಿಕೊಂಡೆ. ಅಲ್ಲಿ ಲೆಕ್ಕಕ್ಕೆ ಬರೋದು ಈಗಾಗಲೇ ಅದನ್ನು ಬಳಸುತ್ತಿರುವವರು, ಮುಂದೆಯೂ ಬಳಸಬೇಕು ಅನ್ನುತ್ತಾರಾ ಅನ್ನೋದು. ಹೊಸಬರಿಗೆ ಎಷ್ಟು ಕೆಲಸ ಇದೆ ಅಂತ ಅದು ಹೇಳೋದೇ ಇಲ್ಲ. ಭಾಷೆಗಳ ಜನಪ್ರಿಯತೆ ಹೇಳುವ ಟಿಯೋಬಿ ಪಟ್ಟಿಯೂ ಹಾಗೇ, ಅದು ಎಣಿಸೋದು ಸರ್ಚ್ ಎಂಜಿನ್‌ಗಳಲ್ಲಿ ಸಿಗುವ ಪುಟಗಳನ್ನು. ನಾನೋ, ಷೇರು ರೇಟು ನೋಡೋ ಹಾಗೆ ಪ್ರತಿ ತಿಂಗಳು ಅದನ್ನು ನೋಡುತ್ತಿದ್ದೆ. ರಸ್ಟ್ ಮೇಲೆ ನನ್ನ ದೂರೇನಿಲ್ಲ, ಒಳ್ಳೆ ಭಾಷೆ. ಮೆಮೊರಿಯ ತಪ್ಪು ಬಳಕೆ ಹಿಡಿಯುವ ಅದರ ಬಾರೋ ಚೆಕರ್ ಎರಡು ಸಲ ಬೈದ ಕೂಡಲೇ ಗೋಗೆ ಓಡಿದೆ. ಗೋದಿಂದ ಕಾಟ್ಲಿನ್‌ಗೆ ಹೋದ ಕಥೆ ಬೇಡ ಬಿಡಿ, ಅದೂ ಇದೇ.

ಕೊನೆಗೆ ಇಂಟರ್‌ವ್ಯೂಗೆ ಕರೆ ಬಂತು. ರೆಸ್ಯೂಮೆಯಲ್ಲಿ ಐದು ಭಾಷೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಐದು ಪ್ರಾಜೆಕ್ಟ್, ಐದೂ ಅದೇ ಟು-ಡು (ಮಾಡಬೇಕಾದ ಕೆಲಸಗಳ ಪಟ್ಟಿ) ಆ್ಯಪ್. ಇಂಟರ್‌ವ್ಯೂ ಮಾಡುತ್ತಿದ್ದ ಮೇಡಂ ನೋಡಿ ನಕ್ಕರು.

"ಇದರಲ್ಲಿ ನಿಮಗೆ ಜಾಸ್ತಿ ಗೊತ್ತಿರೋದು ಯಾವುದು?"

ಜಾವಾ ಅಂದೆ.

"ಸರಿ. ಒಂದು ಕ್ಲಾಸ್‌ಗೆ ಈಕ್ವಲ್ಸ್ ಬರೆದಿದ್ದೀರಿ, ಹ್ಯಾಶ್‌ಕೋಡ್ ಬರೆದಿಲ್ಲ. ಅದರ ಆಬ್ಜೆಕ್ಟನ್ನು ಕೀ ಮಾಡಿ ಹ್ಯಾಶ್‌ಮ್ಯಾಪ್‌ಗೆ ಹಾಕಿದ್ದೀರಿ. ಅದಕ್ಕೆ ಸಮನಾದ ಇನ್ನೊಂದು ಆಬ್ಜೆಕ್ಟ್ ಕೊಟ್ಟು ಹುಡುಕಿದರೆ ಸಿಗುತ್ತಾ?"

"ಸಿಗುತ್ತೆ" ಅಂದೆ, ಧೈರ್ಯವಾಗಿ. ಸಿಗೋದಿಲ್ಲ. ಹ್ಯಾಶ್‌ಮ್ಯಾಪ್ ಅಂದರೆ ಕೀ ಕೊಟ್ಟು ಹುಡುಕುವ ಸಂಗ್ರಹ, ಈಕ್ವಲ್ಸ್ ಅಂದರೆ ಎರಡು ಆಬ್ಜೆಕ್ಟ್ ಸಮವಾ ಅಂತ ನೋಡೋದು, ಹ್ಯಾಶ್‌ಕೋಡ್ ಅಂದರೆ ಎಲ್ಲಿ ಹುಡುಕಬೇಕು ಅಂತ ಹೇಳುವ ಸಂಖ್ಯೆ. ಮ್ಯಾಪ್ ಮೊದಲು ನೋಡೋದು ಹ್ಯಾಶ್‌ಕೋಡ್. ಎರಡಕ್ಕೂ ಅದು ಬೇರೆ ಬೇರೆ ಬಂದಾಗ, ಬೇರೆಯವರ ಮನೆ ಬಾಗಿಲು ತಟ್ಟಿದ ಹಾಗೆ. ಈಕ್ವಲ್ಸ್‌ವರೆಗೆ ಮಾತೇ ಹೋಗೋದಿಲ್ಲ.

"ಹೋಗಲಿ, ನಿಮ್ಮ ಆ್ಯಪ್‌ನಲ್ಲಿ ಒಂದೇ ಐಟಮ್ಮನ್ನು ಇಬ್ಬರು ಒಂದೇ ಹೊತ್ತಿಗೆ ತಿದ್ದಿದರೆ ಏನಾಗುತ್ತೆ?"

ಐದು ಸಲ ಬರೆದ ಆ್ಯಪು. ಒಂದು ಸಲವೂ ನನಗೆ ಆ ಪ್ರಶ್ನೆ ಬಂದಿರಲಿಲ್ಲ.

ಮನೆಗೆ ಬಂದು ಐದೂ ಫೋಲ್ಡರ್ ತೆರೆದು ಕೊನೆಯ ಫೈಲ್ ಯಾವುದು ಅಂತ ನೋಡಿದೆ. ಜಾವಾದಲ್ಲಿ ಥ್ರೆಡ್. ಗೋದಲ್ಲಿ ಚಾನಲ್. ಕಾಟ್ಲಿನ್‌ನಲ್ಲಿ ಕೊರೂಟೀನ್. ಹೆಸರು ಮೂರು, ಗಂಟು ಒಂದೇ: ಒಂದೇ ಹೊತ್ತಿಗೆ ಎರಡು ಕೆಲಸ ನಡೆದರೆ ಅವು ಒಂದನ್ನೊಂದು ತುಳಿಯದ ಹಾಗೆ ನೋಡಿಕೊಳ್ಳೋದು. ಮೇಡಂ ಕೇಳಿದ್ದೂ ಅದನ್ನೇ ಅಲ್ವಾ. ಯಾವ ಅಧ್ಯಾಯಕ್ಕೆ ಹೆದರಿ ಜಾವಾ ಬಿಟ್ಟೆನೋ, ಅದೇ ಅಧ್ಯಾಯ ವೇಷ ಬದಲಿಸಿಕೊಂಡು ಗೋ, ಕಾಟ್ಲಿನ್ ಬಾಗಿಲಲ್ಲೂ ನಿಂತಿತ್ತು.

ಹಾಗಂತ ಭಾಷೆ ಯಾವುದಾದರೇನು ಅಂತ ನಾನು ಹೇಳ್ತಿಲ್ಲ. ಬ್ರೌಸರ್‌ನಲ್ಲಿ ಕೆಲಸ ಬೇಕು ಅಂದರೆ ಜಾವಾಸ್ಕ್ರಿಪ್ಟ್ ಬಿಟ್ಟು ಗತಿ ಇಲ್ಲ. ಐಫೋನ್ ಆ್ಯಪ್ ಅಂದರೆ ಸ್ವಿಫ್ಟ್. ಆಂಡ್ರಾಯ್ಡ್‌ಗೆ ಕಾಟ್ಲಿನ್‌ಗೇ ಮೊದಲ ಮಣೆ ಅಂತ ಗೂಗಲ್ 2019ರಲ್ಲೇ ಹೇಳಿದೆ. ಅಲ್ಲೆಲ್ಲಾ ಕೆಲಸವೇ ಭಾಷೆ ಆರಿಸುತ್ತೆ. ಉಳಿದವರು ನಿಜವಾಗಿ ಅರ್ಜಿ ಹಾಕುವಂಥ ಮೂವತ್ತು ಜಾಹೀರಾತು ತೆಗೆದು, ಹೊಸಬರಿಗೆ ಏನು ಕೇಳಿದ್ದಾರೆ ಅಂತ ಗೆರೆ ಎಳೆದು ಎಣಿಸಿ. ಅರ್ಧ ಗಂಟೆಯ ಕೆಲಸ. ನಾನು ಮಾಡಿದ್ದು ಎರಡೂವರೆ ವರ್ಷ ಆದ ಮೇಲೆ. ಇನ್ನೊಂದು, 'ಇದು ವರ್ಸಸ್ ಅದು' ವಿಡಿಯೊ ನೋಡಬೇಕು ಅನ್ನಿಸಿದ ದಿನ ನೀವು ಯಾವ ಪಾಠದಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಬರೆದಿಡಿ. ನನ್ನ ಹಾಗೆ ಫೋಲ್ಡರ್ ತೆರೆದು ಹುಡುಕೋ ಗತಿ ಬರೋದು ಬೇಡ.

ಈಗ ಜಾವಾಗೆ ವಾಪಸ್ ಬಂದಿದ್ದೇನೆ. ಮೊನ್ನೆ ಎರಡು ಬ್ರೌಸರ್ ವಿಂಡೋ ತೆರೆದು ಒಂದೇ ಐಟಮ್ಮನ್ನು ಎರಡರಲ್ಲೂ ತಿದ್ದಿ ನೋಡಿದೆ. ಮೊದಲು ತಿದ್ದಿದ್ದು ಸದ್ದಿಲ್ಲದೆ ಮಾಯವಾಯಿತು, ಒಂದು ಎರರ್ ಕೂಡ ಇಲ್ಲ. ಡೇಟಾಬೇಸ್ ಟೇಬಲ್‌ಗೆ ಒಂದು ವರ್ಷನ್ ಕಾಲಮ್ (ತಿದ್ದಿದಾಗಲೆಲ್ಲಾ ಏರುವ ಸಂಖ್ಯೆ) ಸೇರಿಸಿ, ಸೇವ್ ಮಾಡುವಾಗ ಅದನ್ನು ತಾಳೆ ನೋಡುವ ಹಾಗೆ ಮಾಡಿದೆ. ಈಗ ಎರಡನೆಯವರಿಗೆ 'ಇದನ್ನು ಆಗಲೇ ಬೇರೆಯವರು ಬದಲಿಸಿದ್ದಾರೆ' ಅಂತ ಬರುತ್ತೆ. ಥ್ರೆಡ್ ಅಧ್ಯಾಯ ಇನ್ನೂ ಅರ್ಧ ಬಾಕಿ ಇದೆ.