ಸೊಲೋನ್ ಕಾಡಿಗೆ ಸೈಕಲ್ ಒಯ್ಯುವ ಮುಂಚೆ ಇದನ್ನೊಮ್ಮೆ ಓದಿ

ಫ್ರಾನ್ಸ್‌ನಲ್ಲಿರುವ, ಇಲ್ಲವೇ ರಜೆಗೆ ಬಂದು ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೆ ಅಂತಲೇ ಮಾಡಿದ ಸೈಕಲ್) ತುಳಿಯಬೇಕು ಅಂದುಕೊಂಡಿರುವ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ. ಸೊಲೋನ್‌ಗೆ ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಆದರೆ ಬೇಟೆಯ ಕಾಲದಲ್ಲಿ, ದಾರಿ ತೋರಿಸುವ ಆ್ಯಪ್ ಎಳೆದ ಗೆರೆಯನ್ನು ನಂಬಿ ಆ ಕಾಡಿಗೆ ನುಗ್ಗಬೇಡಿ. ನಾನೂ ನನ್ನ ಗೆಳೆಯನೂ ನುಗ್ಗಿದೆವು. ನಮ್ಮ ಮುಂದೆ ಇಪ್ಪತ್ತು ಅಡಿ ದೂರದಲ್ಲಿ ಕಾಡುಹಂದಿ ದಾರಿ ದಾಟಿತು. ಅದರ ಬೆನ್ನಿಗೇ ಕೋವಿ ಹಾರಿತು.

ಸೊಲೋನ್ ಇರುವುದು ಓರ್ಲೆಯಾನ್ ಊರಿನ ದಕ್ಷಿಣಕ್ಕೆ, ಲ್ವಾರ್ ಮತ್ತು ಶೇರ್ ನದಿಗಳ ನಡುವೆ. ಪೂರ್ತಿ ಮಟ್ಟಸ ನೆಲ. ಮೇಲೆ ಮರಳು, ಕೆಳಗೆ ಜೇಡಿಮಣ್ಣು. ನೀರು ಇಂಗುವುದಿಲ್ಲ, ಹಾಗಾಗಿ ಎಲ್ಲಿ ನೋಡಿದರೂ ಕೆರೆ. ಓಕ್, ಬರ್ಚ್, ಪೈನ್ ಮರಗಳು, ಅಡಿಯಲ್ಲಿ ಸೊಂಟದೆತ್ತರದ ಜರಿಗಿಡ. ನವೆಂಬರ್‌ನಲ್ಲಿ ಆ ಜರಿಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ನೋಡಲು ನಿಜಕ್ಕೂ ಚೆಂದ. ಅದಕ್ಕೇ ಹೋಗಿದ್ದು.

ಭಾನುವಾರ ಬೆಳಿಗ್ಗೆ ಓರ್ಲೆಯಾನ್‌ನಿಂದ ರೈಲಿನಲ್ಲಿ ಲಾಮೋತ್-ಬೊವ್ರೋನ್‌ಗೆ ಹೋಗಿ ಇಳಿದೆವು. ಅಲ್ಲಿಂದ ಕಾಡುದಾರಿಯಲ್ಲೇ ಶಾಂಬೋರ್ ಅರಮನೆ, ಆಮೇಲೆ ಬ್ಲ್ವಾ ಊರು, ರಾತ್ರಿ ರೈಲಿಗೆ ವಾಪಸ್ ಅಂತ ನಮ್ಮ ಲೆಕ್ಕ. ಸುಮಾರು 70 ಕಿಲೋಮೀಟರ್. ಒಂದೂ ಏರು ಇಲ್ಲ. ಶಿವಮೊಗ್ಗದ ಸಾಗರದ ಕಡೆ ಘಟ್ಟ ಹತ್ತಿ ಬೆಳೆದ ನನಗೆ ಇದೊಂದು ಲೆಕ್ಕವೇ ಅಲ್ಲ ಅನಿಸಿತ್ತು. ಆ ಲೆಕ್ಕವೇ ತಪ್ಪು. ಗುಡ್ಡ ಇಲ್ಲದ ಕಾಡಿನಲ್ಲಿ ಗುರುತಿಗೆ ಏನೂ ಸಿಗುವುದಿಲ್ಲ. ಎಲ್ಲ ದಾರಿಯೂ ನೇರ, ಎಲ್ಲ ಕವಲೂ ಒಂದೇ ತರ. ಇಳಿಜಾರು ಇಲ್ಲದ ಕಾರಣ ಒಂದು ನಿಮಿಷವೂ ಕಾಲಿಗೆ ಬಿಡುವಿಲ್ಲ.

ಮೊದಲ ಒಂದೂವರೆ ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ಮಣ್ಣುದಾರಿಗೆ ಅಡ್ಡವಾಗಿ ಸರಪಳಿ ಬಂತು. ಪಕ್ಕದಲ್ಲಿ 'ಖಾಸಗಿ ಜಾಗ' ಅಂತ ಫಲಕ. ಆ್ಯಪ್ ಮಾತ್ರ ಮುಂದೆ ಹೋಗು ಅನ್ನುತ್ತಿತ್ತು. "ಆ್ಯಪಲ್ಲಿದೆ ಅಂದ್ರೆ ಜನ ಓಡಾಡ್ತಾರೆ ಮಾರಾಯ" ಅಂದೆ. ಸೈಕಲ್ ಎತ್ತಿ ಸರಪಳಿ ದಾಟಿಸಿದೆವು. ಈ ಇಡೀ ಬರಹದಲ್ಲಿ ನೀವು ನೆನಪಿಡಬೇಕಾದ ಜಾಗ ಇದು.

ಯಾಕೆ ಅಂದರೆ, ಸೊಲೋನ್‌ನ ಕಾಡು ಬಹುಪಾಲು ಖಾಸಗಿಯವರದ್ದು. ನೂರಾರು ಎಕರೆಯ ಬೇಟೆ ಎಸ್ಟೇಟುಗಳು, ಕಿಲೋಮೀಟರ್‌ಗಟ್ಟಲೆ ತಂತಿಬೇಲಿ. ಆ ಬೇಲಿಗಳ ಮೇಲೆ ಜನ ಎಷ್ಟೋ ವರ್ಷ ಜಗಳ ಮಾಡಿದ ಮೇಲೆ 2023ರ ಫೆಬ್ರವರಿಯಲ್ಲಿ ಒಂದು ಕಾನೂನು ಬಂತು. ಪ್ರಾಣಿಗಳು ನುಸುಳುವಂತೆ ಬೇಲಿ ನೆಲದಿಂದ 30 ಸೆಂಟಿಮೀಟರ್ ಮೇಲಿರಬೇಕು, ಎತ್ತರ 1.20 ಮೀಟರ್ ಮೀರಬಾರದು. ಒಳ್ಳೆಯದೇ. ಆದರೆ ಅದೇ ಕಾನೂನು, ಖಾಸಗಿ ಅಂತ ಗುರುತು ಹಾಕಿದ ಕಾಡಿಗೆ ಕಾಲಿಟ್ಟವರಿಗೆ ದಂಡವನ್ನೂ ತಂದಿತು. ತಲೆಗೆ 135 ಯುರೋ. ಆ್ಯಪ್‌ಗೆ ಇದೇನೂ ಗೊತ್ತಿರುವುದಿಲ್ಲ. ನಕ್ಷೆಯಲ್ಲಿ ದಾರಿ ಇದ್ದು, ಅದು ಖಾಸಗಿ ಅಂತ ಯಾರೂ ಗುರುತು ಹಾಕದಿದ್ದರೆ ಅದನ್ನು ತೆರೆದ ದಾರಿ ಅಂತಲೇ ತೋರಿಸುತ್ತದೆ.

ಒಳಗೆ ಎರಡು ಕಿಲೋಮೀಟರ್ ಹೋಗಿರಬಹುದು. ಕಹಳೆ ಕೇಳಿಸಿತು. ನಾಯಿಗಳ ಬೊಗಳು, ಜನರ ಕೂಗು. ನಮ್ಮ ಮಲೆನಾಡಿನಲ್ಲಿ ಹಿಂದೆ ಹಳು ನುಗ್ಗಿ ಹಂದಿ ಎಬ್ಬಿಸುತ್ತಿದ್ದರಲ್ಲ, ಅದೇ ರೀತಿ. ಒಂದು ಕಡೆಯಿಂದ ಪ್ರಾಣಿಗಳನ್ನು ಸೋವುತ್ತಾ, ಅಂದರೆ ಅಟ್ಟುತ್ತಾ ಬರುತ್ತಾರೆ, ಇನ್ನೊಂದು ಕಡೆ ಕೋವಿಯವರು ಸಾಲಾಗಿ ಬಿಲ್ಲಿಗೆ, ಅಂದರೆ ಕಾದು ಹೊಡೆಯುವ ಜಾಗಕ್ಕೆ ನಿಂತಿರುತ್ತಾರೆ. ನಾವಿದ್ದದ್ದು ಆ ಎರಡರ ನಡುವೆ. ನನ್ನದು ಕಪ್ಪು ಜಾಕೆಟ್, ಗೆಳೆಯನದು ಕಂದು. ಜರಿಗಿಡದ ಬಣ್ಣ.

ಹಂದಿ ದಾಟಿದಾಗ ಅದರ ವಾಸನೆ ಬಂತು, ಅಷ್ಟು ಹತ್ತಿರ. ಮರುಕ್ಷಣ ಗುಂಡಿನ ಸದ್ದು. ಎಲ್ಲಿಂದ ಅಂತ ತಿಳಿಯಲಿಲ್ಲ. ಮಟ್ಟಸ ಕಾಡಿನಲ್ಲಿ ಸದ್ದು ಎಲ್ಲ ದಿಕ್ಕಿನಿಂದಲೂ ಬಂದ ಹಾಗಿರುತ್ತದೆ. ಸೈಕಲ್ ಬಿಸಾಕಿ ನೆಲಕ್ಕೆ ಬಿದ್ದೆವು. ಗೆಳೆಯ "ನಾವಿಲ್ಲಿದ್ದೀವಿ, ನಾವಿಲ್ಲಿದ್ದೀವಿ" ಅಂತ ಕನ್ನಡದಲ್ಲೇ ಕೂಗುತ್ತಿದ್ದ. ಫ್ರೆಂಚ್ ಬಾಯಿಗೆ ಬರಲೇ ಇಲ್ಲ.

ಕಿತ್ತಳೆ ಜಾಕೆಟ್ ಹಾಕಿದ ಒಬ್ಬ ವಯಸ್ಸಾದವರು ಓಡಿ ಬಂದರು. ಗುಂಡು ಹಾರದಂತೆ ಕೋವಿಯ ನಳಿಗೆ ಮಡಚಿ ಹೆಗಲಿಗೆ ಹಾಕಿಕೊಂಡಿದ್ದರು. ಅವರ ಕೈ ನಮಗಿಂತ ಜಾಸ್ತಿ ನಡುಗುತ್ತಿತ್ತು. ಕಹಳೆ ಊದಿಸಿ ಬೇಟೆ ನಿಲ್ಲಿಸಿದರು. ಕಾವಲುಗಾರ ಬಂದು ಬೈದು, ದಂಡದ ವಿಷಯ ಹೇಳಿ, ಹಾಕದೆ ರಸ್ತೆಯವರೆಗೆ ಬಿಟ್ಟುಹೋದರು. ಅವರನ್ನು ನಾನು ದೂರುವುದಿಲ್ಲ. 'ಬೇಟೆ ನಡೆಯುತ್ತಿದೆ' ಅನ್ನುವ ಫಲಕವನ್ನು ಡಾಂಬರು ರಸ್ತೆಯ ಅಂಚಿಗೆ ಇಟ್ಟೇ ಇದ್ದರು. ನಾವು ಆ ಕಡೆಯಿಂದ ಬಂದಿರಲೇ ಇಲ್ಲ.

ಆಗಲೂ ಡಾಂಬರು ರಸ್ತೆಯಲ್ಲೇ ಉಳಿಯಬೇಕಿತ್ತು. ಸಮಯ ಉಳಿಯುತ್ತೆ ಅಂತ ಇನ್ನೊಂದು ಕಾಡುದಾರಿ ಹಿಡಿದೆವು, ಈ ಸಲ ಸಾರ್ವಜನಿಕ ದಾರಿಯೇ. ಮರ ಸಾಗಿಸುವ ಯಂತ್ರಗಳು ಓಡಾಡಿ ಮೊಣಕಾಲುದ್ದ ಗುಂಡಿ ಬಿದ್ದಿತ್ತು. ಮರಳು, ಕೆಸರು, ಕೊಳೆತ ಎಲೆ. 40 ಮಿಲಿಮೀಟರ್ ಟೈರಿಗೂ ಹಿಡಿತ ಸಿಗಲಿಲ್ಲ. ಒಂದು ಕಡ್ಡಿ ಹಿಂದಿನ ಗೇರಿಗೆ ಸಿಕ್ಕಿಕೊಂಡು ಆ ಗೇರನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಲಟಕ್ಕನೆ ಮುರಿಯಿತು. ಅಂಗೈಯಗಲವೂ ಇಲ್ಲದ ಆ ಅಲ್ಯೂಮಿನಿಯಂ ತುಂಡು ಒಂದೊಂದು ಸೈಕಲ್‌ಗೆ ಒಂದೊಂದು ತರ ಇರುತ್ತದೆ. ಹಳ್ಳಿಯಲ್ಲಿ ಸಿಗುವ ಮಾತೇ ಇಲ್ಲ. ನಿಮ್ಮ ಸೈಕಲ್ಲಿನದು ಒಂದು ಯಾವಾಗಲೂ ಬ್ಯಾಗಿನಲ್ಲಿರಲಿ.

ಐದು ಗಂಟೆಗೆಲ್ಲ ಸೂರ್ಯ ಮುಳುಗಿದ. ಒಂಬತ್ತು ಕಿಲೋಮೀಟರ್ ಸೈಕಲ್ ತಳ್ಳಿದೆವು. ಸಿಕ್ಕಿದ ಹಳ್ಳಿಯಲ್ಲಿ ಬೇಕರಿ ಮುಚ್ಚಿತ್ತು, ಭಾನುವಾರ ಮಧ್ಯಾಹ್ನದ ಮೇಲೆ ಅಲ್ಲಿ ಎಲ್ಲವೂ ಹಾಗೇ. ನೀರು ಸಿಕ್ಕಿದ್ದು ಸ್ಮಶಾನದ ನಲ್ಲಿಯಲ್ಲಿ. ಹೂಗಿಡಗಳಿಗೆ ಅಂತ ಇಟ್ಟಿರುತ್ತಾರೆ. ಕುಡಿಯಬಾರದು ಅಂತ ಬರೆದಿಲ್ಲ ತಾನೇ ಅಂತ ನೋಡಿ ತುಂಬಿಸಿಕೊಂಡೆವು. ಕೊನೆಗೆ ಸಹೋದ್ಯೋಗಿಯೊಬ್ಬರು ಓರ್ಲೆಯಾನ್‌ನಿಂದ ಕಾರು ತಂದರು.

ಬೇಟೆಯ ಕಾಲ ಸುಮಾರು ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಹಂದಿ ಬೇಟೆ ಅದರಾಚೆಗೂ ನಡೆಯುತ್ತದೆ. ಆಗ ಕಾಡಿಗೆ ಹೋಗಲೇಬೇಕಿದ್ದರೆ ಕಿತ್ತಳೆ ಜಾಕೆಟ್ ಹಾಕಿ. ಹೊರಡುವ ಮುಂಚೆ ಫ್ರಾನ್ಸ್ ಸರ್ಕಾರದ ಆನ್‌ಲೈನ್ ನಕ್ಷೆಯಲ್ಲಿ (ಹಿಂದೆ ಜಿಯೋಪೋರ್ತಾಯ್, ಈಗ cartes.gouv.fr) ಜಮೀನಿನ ಗಡಿಗಳನ್ನು ತೆರೆದು ನೋಡಿ. ಊರಿನ ಸಾರ್ವಜನಿಕ ದಾರಿಗಳಿಗೆ ಸಾಮಾನ್ಯವಾಗಿ ಜಮೀನಿನ ನಂಬರ್ ಇರುವುದಿಲ್ಲ. ದಾರಿ ಯಾರದೋ ನಂಬರ್ ಒಳಗೆ ಹಾದು ಹೋಗುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಅಥವಾ ಸೊಲೋನ್ ಬದಲು ಲ್ವಾರ್ ನದಿಯ ಉತ್ತರಕ್ಕಿರುವ ಓರ್ಲೆಯಾನ್ ಕಾಡಿಗೆ ಹೋಗಿ. ಅದರ ಬಹುಭಾಗ ಸರ್ಕಾರದ್ದು, ಜಲ್ಲಿ ದಾರಿಗಳು ಗಟ್ಟಿಯಾಗಿವೆ. ಅಲ್ಲೂ ಬೇಟೆ ಇದೆ, ದಿನ ಕೇಳಿಕೊಂಡೇ ಹೋಗಬೇಕು.

ಎಲ್ಲಿ ಕೇಳುವುದು ಅಂದರೆ ಆ ಊರಿನ ಪಂಚಾಯಿತಿ ಕಚೇರಿಯಲ್ಲಿ, ಅಲ್ಲಿನವರು 'ಮೇರಿ' ಅನ್ನುತ್ತಾರೆ. ವಾರದ ಕೊನೆಗೆ ಬಾಗಿಲು ಹಾಕಿರಬಹುದು, ಹಾಗಾಗಿ ಶುಕ್ರವಾರದೊಳಗೇ ಫೋನ್ ಮಾಡಿ. ಸೋಮವಾರ ನಾನು, ನಾವು ಬೇಟೆಗೆ ಸಿಕ್ಕಿಕೊಂಡ ಕಾಡಿನ ಹಳ್ಳಿಯ ಮೇರಿಗೆ ಫೋನ್ ಮಾಡಿದ್ದೆ. ಫೋನೆತ್ತಿದ ಹೆಂಗಸು ಆ ತುಂಡು ಕಾಡಿನಲ್ಲಿ ಫೆಬ್ರವರಿವರೆಗೆ ಯಾವ ಯಾವ ಭಾನುವಾರ ಬೇಟೆ ಇದೆ ಅಂತ ಒಂದೊಂದಾಗಿ ತಾರೀಖು ಓದಿ ಹೇಳಿದರು. ನಾವು ಹೋದ ಭಾನುವಾರವೂ ಅದರಲ್ಲಿತ್ತು.